ಅರುವತ್ತರ ದಶಕದ ಫಜ್ ಸದ್ದು ಮತ್ತು ಕರಾವಳಿಯ ಸೆಕೆ: ಯಾವ ಪೆಡಲ್ ನಮಗೆ ಹೊಂದುತ್ತದೆ?

ಜಾತ್ರೆಯ ಗಾನಮೇಳ, ಕಾಲೇಜು ಡೇ, ಮದುವೆಯ ಮುನ್ನಾದಿನದ ರಸಮಂಜರಿ. ಕಾಸರಗೋಡು, ಕುಂಬಳೆ, ಮಂಜೇಶ್ವರದ ವೇದಿಕೆಗಳಲ್ಲಿ ಹಳೆ ಹಾಡುಗಳಿಗೆ ಬೇಡಿಕೆ ಇನ್ನೂ ಇದೆ. ಕೀಬೋರ್ಡಿನಲ್ಲಿ ಹಳೆ ಆರ್ಗನ್ನಿನ ಸದ್ದು ಸಿಗುತ್ತದೆ, ಪ್ಯಾಡಿನಲ್ಲಿ ಹಳೆ ಡ್ರಮ್ಮಿನ ಸದ್ದು ಸಿಗುತ್ತದೆ. ಗಿಟಾರಿನ ಸರದಿ ಬಂದಾಗಲೇ ತೊಡಕು. ಎಪ್ಪತ್ತರ ದಶಕದ ರೆಕಾರ್ಡುಗಳಲ್ಲಿ ಕೇಳುವ ಆ ಹರಕು, ದಪ್ಪ, ಎಳೆದಷ್ಟೂ ಎಳೆಯುವ ಸ್ವರ ಮಾಮೂಲಿ ಡಿಸ್ಟಾರ್ಷನ್ ಪೆಡಲಿನಿಂದ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಫಜ್ ಪೆಡಲ್, ಅಂದರೆ ಗಿಟಾರಿಗೂ ಆಂಪ್ಲಿಫಯರಿಗೂ ನಡುವೆ ಇಟ್ಟು ಕಾಲಿನಿಂದ ಒತ್ತುವ, ಸದ್ದನ್ನು ಹರಕು ಮಾಡುವ ಡಬ್ಬಿ. ಆನ್‌ಲೈನಿನಲ್ಲಿ ಹುಡುಕಿದರೆ ಎರಡು ಮೂರು ಸಾವಿರದಿಂದ ಮೂವತ್ತು ನಲವತ್ತು ಸಾವಿರದವರೆಗೆ ಸಾಲುಗಟ್ಟಿ ನಿಲ್ಲುತ್ತವೆ. ಹೆಚ್ಚಿನವುಗಳ ಮೇಲೆ ‘ವಿಂಟೇಜ್’ ಅಂತ ಇರುತ್ತದೆ, ದುಬಾರಿಯವುಗಳ ಮೇಲೆ ‘ಜರ್ಮೇನಿಯಂ’ ಅಂತಲೂ ಇರುತ್ತದೆ, ಅಂದರೆ ಒಳಗಿನ ಟ್ರಾನ್ಸಿಸ್ಟರು ಜರ್ಮೇನಿಯಂ ಎಂಬ ಮೂಲವಸ್ತುವಿನದು.

ಆ ‘ಜರ್ಮೇನಿಯಂ’ ಪದಕ್ಕೆ ದುಡ್ಡು ಕೊಡುವ ಮುಂಚೆ ಒಂದು ವಿಷಯ ತಿಳಿದಿರಬೇಕು. ಅದು ತಂಪು ದೇಶಗಳಲ್ಲಿ ಹುಟ್ಟಿದ ಸಾಮಾನು. ನಮ್ಮ ಮೇ ತಿಂಗಳ ಸೆಕೆಯಲ್ಲಿ ಅದರ ನಡವಳಿಕೆಯೇ ಬೇರೆ. ಹಳೆ ಸದ್ದಿನ ದೊಡ್ಡ ಪಾಲು ಜರ್ಮೇನಿಯಂನಲ್ಲಿಲ್ಲ. ಬಯಾಸ್ (ಸರ್ಕೀಟಿನ ಒಳಗಿನ ವೋಲ್ಟೇಜನ್ನು ಸರಿಯಾದ ಮಟ್ಟದಲ್ಲಿ ಕೂರಿಸುವುದು), ಗಿಟಾರಿನ ನೇರ ಸಂಪರ್ಕ ಮತ್ತು ಸ್ಪೀಕರ್, ಈ ಮೂರು ಸರಿ ಇದ್ದರೆ ಸದ್ದು ಮುಕ್ಕಾಲುಪಾಲು ಬಂದ ಹಾಗೆಯೇ.

ಫಜ್ ಏನು ಮಾಡುತ್ತದೆ

ತಂತಿ ಮೀಟಿದಾಗ ಗಿಟಾರಿನ ಪಿಕಪ್ಪಿನಿಂದ (ತಂತಿಯ ಕೆಳಗಿನ ಅಯಸ್ಕಾಂತದ ಸುರುಳಿ) ಹೊರಡುವುದು ಏರಿಳಿಯುವ ಒಂದು ಸಣ್ಣ ವಿದ್ಯುತ್ ಅಲೆ. ಆಂಪ್ಲಿಫಯರ್ ಅದನ್ನು ದೊಡ್ಡದು ಮಾಡುತ್ತದೆ. ಆದರೆ ಇಂಥ ಸರ್ಕೀಟು ತನಗೆ ಸಿಕ್ಕ ಬ್ಯಾಟರಿ ವೋಲ್ಟೇಜಿಗಿಂತ ದೊಡ್ಡ ಅಲೆಯನ್ನು ಕೊಡಲಾರದು. ಕಳಸೆಗೆ ಭತ್ತ ತುಂಬಿ, ಮೇಲೆ ನಿಂತ ರಾಶಿಯನ್ನು ಕೋಲಿನಿಂದ ಒರೆಸಿ ಸಮ ಮಾಡುತ್ತಾರಲ್ಲ, ಅಲೆಯ ತುದಿಯೂ ಹಾಗೆಯೇ ಚಪ್ಪಟೆಯಾಗುತ್ತದೆ. ಇದೇ ಕ್ಲಿಪ್ಪಿಂಗ್. ಓವರ್‌ಡ್ರೈವ್ ಪೆಡಲ್ ತುದಿಯನ್ನು ಮೆಲ್ಲಗೆ ದುಂಡಗೆ ಒರೆಸುತ್ತದೆ. ಫಜ್ ಅಲೆಯ ಬಹುಪಾಲನ್ನೇ ಕತ್ತರಿಸಿ ಚೌಕಾಕಾರಕ್ಕೆ ತರುತ್ತದೆ.

ಚೌಕವಾದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಮೂರು, ಐದು, ಏಳು ಪಟ್ಟಿನ ಸ್ವರಗಳೂ ಸೇರಿಕೊಳ್ಳುತ್ತವೆ. ಹರಕು ಗುಣ ಅಲ್ಲಿಂದ ಬರುತ್ತದೆ. ಅಲೆಯ ಮೇಲ್ಭಾಗ ಒಂದು ಬಗೆಯಲ್ಲಿ, ಕೆಳಭಾಗ ಇನ್ನೊಂದು ಬಗೆಯಲ್ಲಿ ಕತ್ತರಿಸಿದರೆ ಎರಡು, ನಾಲ್ಕು ಪಟ್ಟಿನವೂ ಬರುತ್ತವೆ, ಸದ್ದಿಗೆ ಸ್ವಲ್ಪ ಬೆಚ್ಚಗಿನ ಮೈ ಸಿಗುತ್ತದೆ. ಹಳೆ ಪೆಡಲುಗಳಲ್ಲಿ ಈ ಅಸಮತೆ ಸಹಜವಾಗಿಯೇ ಇತ್ತು. ಬಿಡಿಭಾಗಗಳ ಅಳತೆ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ.

ಎರಡು ಸ್ವರ ಒಟ್ಟಿಗೆ ನುಡಿಸಿದರೆ ಇನ್ನೊಂದು ಸಂಗತಿ ನಡೆಯುತ್ತದೆ. 110 ಹರ್ಟ್ಸ್‌ನ ಸ್ವರ ಮತ್ತು ಅದರ ಪಂಚಮವಾದ 165 ಹರ್ಟ್ಸ್ ಫಜ್ ಒಳಗೆ ಬೆರೆತಾಗ ವ್ಯತ್ಯಾಸವಾದ 55 ಹರ್ಟ್ಸ್ ಕೂಡ ಹುಟ್ಟುತ್ತದೆ. ಅದು ಮೊದಲ ಸ್ವರದ ಒಂದು ಸ್ಥಾಯಿ ಕೆಳಗಿನದೇ ಆದ್ದರಿಂದ ಒಟ್ಟು ಸದ್ದು ಗುಂಡಿಗೆ ತಟ್ಟುವಷ್ಟು ದಪ್ಪವಾಗುತ್ತದೆ. ಪಂಚಮದ ಬದಲು ಮೈನರ್ ಮೂರನೆಯ ಸ್ವರ ಹಿಡಿದರೆ ಹುಟ್ಟುವ ವ್ಯತ್ಯಾಸದ ಸ್ವರ ಸುಮಾರು 21 ಹರ್ಟ್ಸ್, ಬರೀ ಗೊರಗೊರ. ಪೂರ್ತಿ ಕಾರ್ಡ್ (ಹಲವು ತಂತಿ ಒಟ್ಟಿಗೆ) ಹಿಡಿದಾಗ ಫಜ್ ಕಲಸಿದ ಹಾಗೆ ಕೇಳುವುದು ಇದೇ ಕಾರಣಕ್ಕೆ. ಅದು ಪೆಡಲಿನ ದೋಷವಲ್ಲ. ಹಳೆ ಗಿಟಾರಿಗರು ಫಜ್ ಹಾಕಿದಾಗ ಹೆಚ್ಚಾಗಿ ಒಂಟಿ ಸ್ವರ ಅಥವಾ ಎರಡು ತಂತಿಯ ಪಂಚಮವನ್ನೇ ನುಡಿಸುತ್ತಿದ್ದರು.

‘ವಿಂಟೇಜ್’ ಅಂದರೆ ಯಾವುದು?

ಹಳೆ ಫಜ್ ಸದ್ದು ಅಂತ ಒಂದೇ ಒಂದು ಸದ್ದು ಇಲ್ಲ. ಮೊದಲು ತಲೆಯಲ್ಲಿರುವ ಹಾಡಿನ ಸದ್ದು ಯಾವ ಕುಟುಂಬದ್ದು ಎಂದು ಗುರುತಿಸಿಕೊಳ್ಳಬೇಕು.

ಶುರುವಾದದ್ದು ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ, ಒಂದು ಕೆಟ್ಟ ಭಾಗದಿಂದ. ಮಾರ್ಟಿ ರಾಬಿನ್ಸ್ ಹಾಡಿದ, 1961ರಲ್ಲಿ ಹೊರಬಂದ ಒಂದು ಹಾಡಿನ ರೆಕಾರ್ಡಿಂಗ್ ವೇಳೆ ಮಿಕ್ಸಿಂಗ್ ಕನ್ಸೋಲಿನ ಟ್ರಾನ್ಸ್‌ಫಾರ್ಮರ್ ಕೈಕೊಟ್ಟಿತು. ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ಗಿಟಾರಿನ ಸೋಲೋ ಹರಿದುಹೋದಂತೆ ದಾಖಲಾಯಿತು, ಹಾಗೆಯೇ ಉಳಿಸಿಕೊಂಡರು. ರೆಕಾರ್ಡಿಂಗ್ ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಸದ್ದನ್ನು ಟ್ರಾನ್ಸಿಸ್ಟರಿನಿಂದ ಬರಿಸುವ ಸರ್ಕೀಟು ಮಾಡಿದ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು ಮೇಸ್ಟ್ರೋ ಫಜ್ ಟೋನ್ ಹೆಸರಿನಲ್ಲಿ ಮಾರಿತು. ಮೂರು ಜರ್ಮೇನಿಯಂ ಟ್ರಾನ್ಸಿಸ್ಟರು, ಎರಡು ಪೆನ್ಸಿಲ್ ಸೆಲ್ಲಿನ 3 ವೋಲ್ಟು. ಸದ್ದು ತೆಳು, ಮೂಗಿನದ್ದು, ಹಿತ್ತಾಳೆ ವಾದ್ಯದ ಹತ್ತಿರದ್ದು. ಗಿಟಾರಿನಿಂದ ಸ್ಯಾಕ್ಸೊಫೋನು, ಟ್ರಂಪೆಟ್ಟು ನುಡಿಸಬಹುದು ಎಂದೇ ಅದನ್ನು ಮಾರಲಾಗುತ್ತಿತ್ತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಒಂದು ಹಾಡು ಈ ಸದ್ದಿನೊಂದಿಗೇ ಶುರುವಾಗಿ ಲೋಕಪ್ರಸಿದ್ಧವಾದ ಮೇಲೆ ಫಜ್ ಎಲ್ಲರಿಗೂ ಬೇಕಾಯಿತು.

ಅದೇ ವರ್ಷ ಲಂಡನ್ನಿನಲ್ಲಿ ಗ್ಯಾರಿ ಹರ್ಸ್ಟ್ ಟೋನ್ ಬೆಂಡರ್ ಎಂಬ ಫಜ್ ಪೆಡಲ್ ಮಾಡಿದ. ಅದರ ಮುಂದಿನ ಆವೃತ್ತಿಗಳಲ್ಲಿ ಗೇನ್ (ಅಲೆಯನ್ನು ಹಿಗ್ಗಿಸುವ ಪ್ರಮಾಣ) ಹೆಚ್ಚು, ಸದ್ದು ಚೂಪು. 1966ರಲ್ಲಿ ಅರ್ಬಿಟರ್ ಕಂಪನಿಯ ಫಜ್ ಫೇಸ್ ಬಂತು. ಮೈಕ್ ಸ್ಟ್ಯಾಂಡಿನ ಬುಡದಂತೆ ದುಂಡಗಿನ ಡಬ್ಬಿ, ಒಳಗೆ ಎರಡೇ ಟ್ರಾನ್ಸಿಸ್ಟರು. ಗಿಟಾರಿಗ ಜಿಮಿ ಹೆಂಡ್ರಿಕ್ಸ್ ಬಳಸಿದ್ದು ಇದನ್ನೇ. ಇದು ಕೈಯ ಒತ್ತಡಕ್ಕೆ ಸ್ಪಂದಿಸುತ್ತದೆ, ಗಿಟಾರಿನ ವಾಲ್ಯೂಮ್ ಇಳಿಸಿದರೆ ಸ್ವಚ್ಛವಾಗುತ್ತದೆ. 1969ರ ಸುಮಾರಿಗೆ ನ್ಯೂಯಾರ್ಕಿನ ಎಲೆಕ್ಟ್ರೋ ಹಾರ್ಮೋನಿಕ್ಸ್ ಬಿಗ್ ಮಫ್ ತಂದಿತು. ಅದರಲ್ಲಿ ನಾಲ್ಕು ಸಿಲಿಕಾನ್ ಟ್ರಾನ್ಸಿಸ್ಟರು, ಎರಡು ಹಂತಗಳಲ್ಲಿ ಡಯೋಡಿನ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಕ್ಲಿಪ್ಪಿಂಗ್, ಸ್ವರ ಬಹಳ ಹೊತ್ತು ನಿಲ್ಲುವಷ್ಟು ಸಸ್ಟೇನ್. ಅಲೆಯನ್ನು ಮಡಚಿ ಒಂದು ಸ್ಥಾಯಿ ಮೇಲಿನ ಸ್ವರವನ್ನೂ ಹುಟ್ಟಿಸುವ ಆಕ್ಟೇವ್ ಫಜ್‌ಗಳದ್ದು ಐದನೆಯ ಕುಟುಂಬ. ಜಪಾನಿನ ಸೂಪರ್ ಫಜ್ ಆ ಪೈಕಿ.

ಹಳೆ ಚಿತ್ರಗೀತೆಯ ತೆಳು, ಮೂಗಿನ ಸದ್ದು ಬೇಕಿದ್ದವರು ಬಿಗ್ ಮಫ್ ಕೊಂಡರೆ ನಿರಾಸೆ ಖಂಡಿತ. ಅದರ ಟೋನ್ ಸರ್ಕೀಟು ನಡುವಿನ ಸ್ವರವಲಯವನ್ನೇ, ಅಂದರೆ ಸುಮಾರು 1 ಕಿಲೋಹರ್ಟ್ಸ್ ಆಸುಪಾಸನ್ನೇ ತಗ್ಗಿಸುತ್ತದೆ. ಕೋಣೆಯಲ್ಲಿ ಒಬ್ಬರೇ ನುಡಿಸಿದಾಗ ಭರ್ಜರಿ. ಕೀಬೋರ್ಡು, ಹಾಡುಗಾರರ ನಡುವೆ ಗಿಟಾರ್ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಹನ್ನೊಂದು ಬಿಡಿಭಾಗಗಳ ಡಬ್ಬಿ

ಫಜ್ ಫೇಸನ್ನು ಬಿಚ್ಚಿ ನೋಡಿದವರಿಗೆ ಮೊದಲು ಅನ್ನಿಸುವುದು ‘ಇಷ್ಟೇನಾ?’ ಎರಡು ಟ್ರಾನ್ಸಿಸ್ಟರು, ನಾಲ್ಕು ರೆಸಿಸ್ಟರು (ಕರೆಂಟಿಗೆ ತಡೆ), ಮೂರು ಕೆಪಾಸಿಟರು (ಡಿಸಿ ತಡೆದು ಅಲೆಯನ್ನು ಮಾತ್ರ ಬಿಡುವವು), ಎರಡು ಪಾಟು (ನಾಬಿನಡಿಯ ತಿರುಗಿಸುವ ರೆಸಿಸ್ಟರು). ಟ್ರಾನ್ಸಿಸ್ಟರಿಗೆ ಬೇಸ್, ಕಲೆಕ್ಟರ್, ಎಮಿಟರ್ ಎಂದು ಮೂರು ಕಾಲು. ಮೊದಲ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ 33 ಕಿಲೋ ಓಮ್. ಎರಡನೆಯದಕ್ಕೆ 8.2 ಕಿಲೋ ಓಮ್, ಅದರ ಜೊತೆ ಸರಣಿಯಲ್ಲಿ 470 ಓಮ್. ಎರಡನೆಯದರ ಎಮಿಟರಿನಿಂದ ಮೊದಲನೆಯದರ ಬೇಸಿಗೆ ಹಿಂದಿರುಗುವ 100 ಕಿಲೋ ಓಮ್. ಒಳಬರುವಲ್ಲಿ 2.2 ಮೈಕ್ರೋಫ್ಯಾರಡ್, ಹೊರಹೋಗುವಲ್ಲಿ 0.01 ಮೈಕ್ರೋಫ್ಯಾರಡ್, ಫಜ್ ಪಾಟಿನ ಬಳಿ 20 ಅಥವಾ 22 ಮೈಕ್ರೋಫ್ಯಾರಡ್. ಫಜ್ ಪಾಟು 1 ಕಿಲೋ ಓಮ್, ವಾಲ್ಯೂಮ್ ಪಾಟು 500 ಕಿಲೋ ಓಮ್.

ಇದರಲ್ಲಿ ಸದ್ದನ್ನು ನಿರ್ಧರಿಸುವ ಒಂದೇ ಒಂದು ಅಂಕಿ ಇದೆ. ಅದು ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿರುವ ವೋಲ್ಟೇಜು. 9 ವೋಲ್ಟಿನ ಬ್ಯಾಟರಿಗೆ ಅದು 4.5 ವೋಲ್ಟಿನ ಹತ್ತಿರ ಇರಬೇಕು. ಆಗ ಅಲೆಗೆ ಮೇಲೂ ಕೆಳಗೂ ಹೆಚ್ಚುಕಮ್ಮಿ ಸಮನಾದ ಜಾಗ ಸಿಗುತ್ತದೆ. ಇದನ್ನೇ ಬಯಾಸ್ ಎನ್ನುವುದು. ಅದು 7 ವೋಲ್ಟಿಗೆ ಅಥವಾ 1.5 ವೋಲ್ಟಿಗೆ ಸರಿದರೆ ಸ್ವರ ಮೆಲ್ಲನೆ ಕರಗುವ ಬದಲು ತುಂಡುತುಂಡಾಗಿ ಸಿಡಿದು ಥಟ್ಟನೆ ನಿಲ್ಲುತ್ತದೆ. ಹತ್ತು ಹಳೆ ಪೆಡಲುಗಳಲ್ಲಿ ಒಂದೆರಡು ಮಾತ್ರ ಚೆನ್ನ ಎಂಬ ಮಾತು ಗಿಟಾರಿಗರಲ್ಲಿ ಇದೆಯಲ್ಲ, ಅದರ ಹಿಂದಿನ ಗುಟ್ಟು ಬಹುಮಟ್ಟಿಗೆ ಇಷ್ಟೇ. ಕೈಗೆ ಸಿಕ್ಕ ಟ್ರಾನ್ಸಿಸ್ಟರನ್ನು ಬೆಸುಗೆ ಹಾಕಿ ಕಳಿಸುತ್ತಿದ್ದರು, ಅದೃಷ್ಟವಿದ್ದರೆ ಬಯಾಸ್ ಸರಿಯಾದ ಜಾಗದಲ್ಲಿ ಕೂರುತ್ತಿತ್ತು.

ಸರಿಪಡಿಸುವುದು ಕಷ್ಟವಿಲ್ಲ. 8.2 ಕಿಲೋ ಓಮ್ ತೆಗೆದು ಅಲ್ಲಿ 20 ಕಿಲೋ ಓಮ್ ಟ್ರಿಮ್‌ಪಾಟು (ಸ್ಕ್ರೂ ಡ್ರೈವರಿನಿಂದ ತಿರುಗಿಸುವ ಸಣ್ಣ ಪಾಟು) ಹಾಕಬೇಕು. ಮೀಟರಿನ ಒಂದು ಕಡ್ಡಿ ಗ್ರೌಂಡಿಗೆ, ಇನ್ನೊಂದು ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ. 4.5 ಬರುವವರೆಗೆ ತಿರುಗಿಸಿ, ಆಮೇಲೆ ಕಿವಿಯಿಂದ ಸ್ವಲ್ಪ ಆಚೀಚೆ. ವಾಲ್ಯೂಮ್ ಸಾಲದು ಎಂಬುದು ಹಳೆ ವಿನ್ಯಾಸದ ಇನ್ನೊಂದು ದೂರು. 470 ಓಮ್ ಜಾಗದಲ್ಲಿ 1 ಕಿಲೋ ಓಮ್ ಹಾಕಿದರೆ ಹೊರಬರುವ ಸದ್ದು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಜರ್ಮೇನಿಯಂ ಮತ್ತು ನಮ್ಮ ಸೆಕೆ

ಟ್ರಾನ್ಸಿಸ್ಟರು ಬೇಸಿಗೆ ಕೊಟ್ಟ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಿಯಂತ್ರಿಸುವ ಸಾಧನ. ಎಷ್ಟು ಪಟ್ಟು ಎಂಬುದೇ ಗೇನ್. ಜರ್ಮೇನಿಯಂನಿಂದ ಮಾಡಿದ ಟ್ರಾನ್ಸಿಸ್ಟರಿಗೆ ಒಂದು ಹುಟ್ಟುಗುಣವಿದೆ. ಬೇಸಿಗೆ ಏನೂ ಕೊಡದಿದ್ದರೂ ಒಂದಷ್ಟು ಕರೆಂಟು ಸೋರುತ್ತಲೇ ಇರುತ್ತದೆ. ಈ ಸೋರಿಕೆ ತಾಪಮಾನ ಸುಮಾರು 10 ಡಿಗ್ರಿ ಏರಿದಂತೆಲ್ಲ ದುಪ್ಪಟ್ಟಾಗುತ್ತದೆ.

ಲೆಕ್ಕ ಹಾಕಿ ನೋಡಿ. ಇಂಗ್ಲೆಂಡಿನ 20 ಡಿಗ್ರಿಯ ಕೋಣೆಯಲ್ಲಿ 150 ಮೈಕ್ರೋಆಂಪಿಯರ್ ಸೋರುವ ಟ್ರಾನ್ಸಿಸ್ಟರು ನಮ್ಮ 30 ಡಿಗ್ರಿಯಲ್ಲಿ 300 ಸೋರುತ್ತದೆ. ಶಾಮಿಯಾನದ ಕೆಳಗೆ, ದೊಡ್ಡ ದೀಪಗಳ ಬುಡದಲ್ಲಿ, ಕಪ್ಪು ಬಣ್ಣದ ಲೋಹದ ಡಬ್ಬಿಯೊಳಗೆ 40 ಡಿಗ್ರಿ ಮುಟ್ಟಿದರೆ 600. ಇನ್ನು ಮೇಲೆ ಹೇಳಿದ 33 ಕಿಲೋ ಓಮ್ ನೆನಪಿಸಿಕೊಳ್ಳಿ. 9 ವೋಲ್ಟಿಗೆ ಅದರ ಮೂಲಕ ಹರಿಯಬಹುದಾದ ಒಟ್ಟು ಕರೆಂಟೇ ಸುಮಾರು 270 ಮೈಕ್ರೋಆಂಪಿಯರ್. ಸೋರಿಕೆಯೇ ಅಷ್ಟಾದರೆ ಗಿಟಾರಿನ ಅಲೆಗೆ ಆಡಲು ಜಾಗವೆಲ್ಲಿ? ಸರ್ಕೀಟಿನಲ್ಲಿರುವ ಹಿಮ್ಮರಳಿಕೆ (ಮೇಲೆ ಹೇಳಿದ 100 ಕಿಲೋ ಓಮ್) ಒಂದಷ್ಟನ್ನು ಸರಿದೂಗಿಸುತ್ತದೆ, ಪೂರ್ತಿ ಅಲ್ಲ. ಬೆಳಗ್ಗಿನ ರಿಹರ್ಸಲಿನಲ್ಲಿ ಬೆಣ್ಣೆಯಂತಿದ್ದ ಪೆಡಲ್ ಮಧ್ಯಾಹ್ನದ ಸೌಂಡ್‌ಚೆಕ್ಕಿನಲ್ಲಿ ಕೆಮ್ಮತೊಡಗುವುದು ಹೀಗೆ. ಬ್ಯಾಟರಿ ಬದಲಿಸಿ, ಕೇಬಲ್ ಬದಲಿಸಿ, ಕೊನೆಗೆ ಸೌಂಡಿನವರ ಮೇಲೆ ರೇಗಿ ಪ್ರಯೋಜನವಿಲ್ಲ. ಪೆಡಲನ್ನು ನೆರಳಿನಲ್ಲಿ ಫ್ಯಾನಿನ ಗಾಳಿಗೆ ಇಟ್ಟರೆ ಅರ್ಧ ಗಂಟೆಯಲ್ಲಿ ಚೇತರಿಸಿಕೊಳ್ಳುತ್ತದೆ.

ಆದ್ದರಿಂದ ಜರ್ಮೇನಿಯಂ ಪೆಡಲೇ ಬೇಕೆಂದರೆ ಡಬ್ಬಿಯ ಹೊರಗಡೆ ‘ಬಯಾಸ್’ ಎಂಬ ನಾಬ್ ಇರುವುದನ್ನೇ ಕೊಳ್ಳಿ. ಸೆಕೆ ಏರಿದಾಗ ಕೈಯಿಂದಲೇ ತಿದ್ದಿಕೊಳ್ಳಬಹುದು. ಅದಿಲ್ಲದ ದುಬಾರಿ ಜರ್ಮೇನಿಯಂ ಪೆಡಲು ಡಿಸೆಂಬರ್, ಜನವರಿಗೆ ಸರಿ. ನಮ್ಮಲ್ಲಿ ಜಾತ್ರೆಯ ಋತು ಆ ಎರಡು ತಿಂಗಳಿಗೆ ಮುಗಿಯುವುದಿಲ್ಲವಲ್ಲ.

ಹಳೆ ರೇಡಿಯೋದ ಟ್ರಾನ್ಸಿಸ್ಟರನ್ನು ಅಳೆಯುವ ಬಗೆ

ಫಜ್ ಫೇಸಿನ ಮೊದಲ ತಲೆಮಾರಿನಲ್ಲಿದ್ದ ಎನ್‌ಕೆಟಿ 275 ಈಗ ಚಿನ್ನದ ಬೆಲೆಗೆ ಹೋಗುತ್ತದೆ, ನಕಲಿಯೂ ಧಾರಾಳ. ಆದರೆ ಅದೇ ಜಾತಿಯ ಎಸಿ 125, ಎಸಿ 126, ಎಸಿ 128 ನಮ್ಮ ಅಟ್ಟದ ಮೇಲಿನ ಹಳೆ ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿವೆ. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಒಂದು ಕಾಲದಲ್ಲಿ ಇವನ್ನು ತಯಾರಿಸುತ್ತಿತ್ತು. ಸ್ಪೀಕರಿನ ಬಳಿ ಜೋಡಿಯಾಗಿ ನಿಂತ, ಲೋಹದ ಟೊಪ್ಪಿಗೆಯವು ಹೆಚ್ಚಾಗಿ ಎಸಿ 128. ಹಳೆಯ ರೇಡಿಯೋ ರಿಪೇರಿಯವರ ಡಬ್ಬಿಯಲ್ಲಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಎರ್ನಾಕುಳಂನ ಪಳ್ಳಿಮುಕ್ಕಿನಲ್ಲಿ ವಿಚಾರಿಸಿದರೆ ಸಿಗುವ ಸಾಧ್ಯತೆ ಉಂಟು. ಎಎಫ್ 114ರಿಂದ 117ರವರೆಗಿನವನ್ನು ಬಿಟ್ಟುಬಿಡಿ. ಅವುಗಳ ಒಳಗೆ ವರ್ಷಗಳು ಕಳೆದಂತೆ ಕೂದಲಿನಂಥ ಲೋಹದ ಎಳೆ ಬೆಳೆದು ಶಾರ್ಟ್ ಆಗುತ್ತದೆ.

ಮಲ್ಟಿಮೀಟರಿನಲ್ಲಿ ಗೇನ್ ಅಳೆಯಲೆಂದೇ ಇರುವ ತೂತುಗಳನ್ನು ನಂಬಬೇಡಿ. ಅದು ಸೋರಿಕೆಯನ್ನೂ ಗೇನ್ ಎಂದೇ ಎಣಿಸುತ್ತದೆ. ಬೇಕಾದದ್ದು 9 ವೋಲ್ಟಿನ ಬ್ಯಾಟರಿ, 2.2 ಮೆಗಾ ಓಮ್ ರೆಸಿಸ್ಟರು ಒಂದು, 2.2 ಕಿಲೋ ಓಮ್ ಮತ್ತು 270 ಓಮ್ ಒಂದೊಂದು, ವೋಲ್ಟೇಜ್ ಅಳೆಯುವ ಮೀಟರು.

ಎಸಿ 128 ಪಿಎನ್‌ಪಿ ಬಗೆಯದು, ಅಂದರೆ ಅದಕ್ಕೆ ಬ್ಯಾಟರಿಯ ಪ್ಲಸ್ಸು ಮೈನಸ್ಸು ಎನ್‌ಪಿಎನ್ ಬಗೆಯದಕ್ಕಿಂತ ತಿರುಗುಮುರುಗು. ಎಮಿಟರನ್ನು ಬ್ಯಾಟರಿಯ ಪ್ಲಸ್ಸಿಗೆ ಕೊಡಿ. 2.2 ಕಿಲೋ ಓಮ್ ಮತ್ತು 270 ಓಮನ್ನು ಒಂದರ ಹಿಂದೊಂದು ಸೇರಿಸಿ (ಒಟ್ಟು 2.47 ಕಿಲೋ ಓಮ್) ಅದರ ಮೂಲಕ ಕಲೆಕ್ಟರನ್ನು ಮೈನಸ್ಸಿಗೆ ಕೊಡಿ. ಮೀಟರಿನ ಎರಡು ಕಡ್ಡಿ ಈ ಜೋಡಿ ರೆಸಿಸ್ಟರಿನ ಎರಡು ತುದಿಗೆ. ಬೇಸನ್ನು ಸದ್ಯಕ್ಕೆ ಯಾವುದಕ್ಕೂ ತಾಗಿಸಬೇಡಿ. ಈಗ ಮೀಟರು 0.35 ವೋಲ್ಟ್ ತೋರಿಸಿತು ಅಂತಿಟ್ಟುಕೊಳ್ಳಿ. ಅದನ್ನು 2.47 ಕಿಲೋ ಓಮಿನಿಂದ ಭಾಗಿಸಿದರೆ ಸೋರಿಕೆ ಸುಮಾರು 142 ಮೈಕ್ರೋಆಂಪಿಯರ್. ಆಮೇಲೆ ಬೇಸನ್ನು 2.2 ಮೆಗಾ ಓಮಿನ ಮೂಲಕ ಮೈನಸ್ಸಿಗೆ ಮುಟ್ಟಿಸಿ. ಅಂಕಿ 1.20ಕ್ಕೆ ಏರಿತು. ಮೊದಲಿನದನ್ನು ಕಳೆದರೆ 0.85, ನೂರರಿಂದ ಗುಣಿಸಿದರೆ ನಿಜವಾದ ಗೇನ್ 85. ಸೋರಿಕೆಯನ್ನು ಕಳೆಯದಿದ್ದರೆ ಅದೇ ಟ್ರಾನ್ಸಿಸ್ಟರು 120 ಎಂದು ಮೋಸ ಮಾಡುತ್ತಿತ್ತು.

ಈ ಅಳತೆ ಮಾಡುವಾಗ ಟ್ರಾನ್ಸಿಸ್ಟರಿನ ಟೊಪ್ಪಿಗೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಮೀಟರಿನ ಅಂಕಿ 0.35ರಿಂದ 0.37, 0.40 ಎಂದು ಕಣ್ಣೆದುರೇ ಏರುತ್ತ ಹೋಗುತ್ತದೆ, ಬಿಟ್ಟರೆ ಮೆಲ್ಲಗೆ ಇಳಿಯುತ್ತದೆ. ಬೆರಳಿನ ಬಿಸಿಯೇ ಇಷ್ಟು ಮಾಡುತ್ತದೆ. ಹಾಗಾಗಿ ಸಾಕೆಟ್ಟಿಗೆ ಹಾಕಿದ ಮೇಲೆ ಒಂದೆರಡು ನಿಮಿಷ ಮುಟ್ಟದೆ ಬಿಟ್ಟು ಆಮೇಲೆ ಓದಬೇಕು. ನಮ್ಮ ಊರಿಗೆ ಆಯ್ಕೆ ಮಾಡುವಾಗ ಬೆಳಗಿನ ಜಾವದ ತಂಪಿನಲ್ಲಿ ಅಳೆಯಬೇಡಿ, ಮಧ್ಯಾಹ್ನ ಎರಡು ಗಂಟೆಗೆ ಅಳೆಯಿರಿ. ಆ ಹೊತ್ತಿನಲ್ಲೂ 200 ಮೈಕ್ರೋಆಂಪಿಯರ್ ಒಳಗೆ ಸೋರುವುದನ್ನು ಇಟ್ಟುಕೊಳ್ಳಬಹುದು. 300 ದಾಟಿದ್ದನ್ನು ಪಕ್ಕಕ್ಕೆ ಹಾಕಿ.

ಮೊದಲ ಸ್ಥಾನಕ್ಕೆ 70ರಿಂದ 80, ಎರಡನೆಯದಕ್ಕೆ 110ರಿಂದ 130 ಗೇನ್ ಇರುವ ಜೋಡಿ ಚೆನ್ನಾಗಿ ಕೂರುತ್ತದೆ. ಎರಡರಲ್ಲಿ ಕಡಿಮೆ ಸೋರುವುದು ಮೊದಲ ಸ್ಥಾನಕ್ಕೇ ಹೋಗಬೇಕು. ಅದರ ಸೋರಿಕೆಯನ್ನು ಎರಡನೆಯದು ಇನ್ನಷ್ಟು ದೊಡ್ಡದು ಮಾಡುತ್ತದೆ. ಬೆಸುಗೆಯ ಬಿಸಿಗೂ ಇವು ನಾಜೂಕು. ಕಾಲಿಗೆ ಮೊಸಳೆ ಕ್ಲಿಪ್ ಹಾಕಿ ಬೆಸುಗೆ ಹಾಕಿ, ಇಲ್ಲವೆ ಸಾಕೆಟ್ ಬಳಸಿ. ಸಾಕೆಟ್ ಇದ್ದರೆ ಬದಲಿಸಿ ಬದಲಿಸಿ ಕೇಳಲೂ ಸುಲಭ.

ಪಿಎನ್‌ಪಿ ಪೆಡಲಿನಲ್ಲಿ ಗ್ರೌಂಡ್ ಇರುವುದು ಬ್ಯಾಟರಿಯ ಪ್ಲಸ್ಸಿಗೆ. ಉಳಿದ ಪೆಡಲುಗಳಲ್ಲಿ ಅದು ಮೈನಸ್ಸಿಗೆ. ಎರಡನ್ನೂ ಒಂದೇ ಅಡಾಪ್ಟರಿನಿಂದ ಸರಪಣಿ ವಯರಿನಲ್ಲಿ ಓಡಿಸಿದರೆ ನೇರ ಶಾರ್ಟ್. ಇದಕ್ಕೆ ಪ್ರತ್ಯೇಕ ಬ್ಯಾಟರಿ ಅಥವಾ ಪ್ರತ್ಯೇಕಿಸಿದ ಔಟ್‌ಪುಟ್ ಇರುವ ಪವರ್ ಸಪ್ಲೈ ಬೇಕು. ಕರೆಂಟು ಬಳಕೆ 1 ಮಿಲಿಆಂಪಿಯರ್ ಆಸುಪಾಸು ಮಾತ್ರ, ಸಾದಾ ಕಾರ್ಬನ್ ಝಿಂಕ್ ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ.

ಸಿಲಿಕಾನ್: ಸುಲಭದ ದಾರಿ

ಅರುವತ್ತರ ದಶಕದ ಕೊನೆಗೆ ಫಜ್ ಫೇಸ್ ತಯಾರಕರೇ ಸಿಲಿಕಾನಿಗೆ ಬದಲಾದರು. ಬಿಸಿ 108, ಬಿಸಿ 183 ಮುಂತಾದವು ಬಂದವು. ಆದ್ದರಿಂದ ಸಿಲಿಕಾನ್ ಪೆಡಲು ‘ವಿಂಟೇಜ್ ಅಲ್ಲ’ ಎಂಬುದು ಮಾರುವವರ ಮಾತು. 1969ರ ಸುಮಾರಿನ ಹಲವು ಸದ್ದುಗಳು ಸಿಲಿಕಾನಿನವೇ. ಸಿಲಿಕಾನಿನ ಸೋರಿಕೆ ಲೆಕ್ಕಕ್ಕೇ ಸಿಗದಷ್ಟು ಕಡಿಮೆ, ಸೆಕೆಗೆ ಅದು ಅಲುಗುವುದಿಲ್ಲ.

ಅದರ ದೋಷ ಬೇರೆ. ಗೇನ್ ವಿಪರೀತ, ಮೇಲಿನ ಸ್ವರಗಳು ಚುಚ್ಚುವಷ್ಟು. ಮದ್ದು ಎರಡು. ಮೊದಲನೆಯದು, ಕಡಿಮೆ ಗೇನಿನದನ್ನು ಆರಿಸುವುದು. ಬಿಸಿ 108 ಅಥವಾ ಬಿಸಿ 547ರಲ್ಲಿ ಹೆಸರಿನ ಕೊನೆಗೆ ‘ಎ’ ಇದ್ದರೆ ಗೇನ್ 110ರಿಂದ 220, ‘ಸಿ’ ಇದ್ದರೆ 420ರಿಂದ 800. ಬೇಕಾದದ್ದು ‘ಎ’. ಎಂಜಿನಿಯರಿಂಗ್, ಪಾಲಿಟೆಕ್ನಿಕ್ ಲ್ಯಾಬುಗಳಲ್ಲಿ ಎಲ್ಲರ ಕೈಗೂ ಸಿಕ್ಕಿರುವ ಬಿಸಿ 107, ಎಸ್‌ಎಲ್ 100 ಕೂಡ ಆಗುತ್ತದೆ. ಎಸ್‌ಎಲ್ 100ರಲ್ಲಿ ನೂರರ ಆಸುಪಾಸಿನ ಗೇನಿನವು ಸಿಗುತ್ತವೆ, ಅಳೆದು ಆರಿಸಬೇಕು ಅಷ್ಟೆ. ಎರಡನೆಯದು, ಎರಡೂ ಟ್ರಾನ್ಸಿಸ್ಟರಿನ ಕಲೆಕ್ಟರ್ ಮತ್ತು ಬೇಸಿನ ನಡುವೆ 100ರಿಂದ 220 ಪಿಕೋಫ್ಯಾರಡಿನ ಸಣ್ಣ ಸೆರಾಮಿಕ್ ಕೆಪಾಸಿಟರು. ಕೀಚಲು ತಗ್ಗುತ್ತದೆ. ಜೊತೆಗೆ ಸಿಲಿಕಾನ್ ಫಜ್‌ನ ಇನ್ನೊಂದು ಕಾಟವೂ, ಅಂದರೆ ಹಾಡಿನ ನಡುವೆ ಸಣ್ಣಗೆ ಮೀಡಿಯಂ ವೇವ್ ರೇಡಿಯೋ ಕೇಳಿಸುವುದೂ ನಿಲ್ಲುತ್ತದೆ. 470 ಓಮ್ ಜಾಗದಲ್ಲಿ ಹಳೆ ಸಿಲಿಕಾನ್ ಪೆಡಲುಗಳು 330 ಓಮ್ ಬಳಸಿದ್ದವು. ಬಯಾಸಿನ 4.5 ವೋಲ್ಟು ಇಲ್ಲೂ ಅದೇ.

ನಡುವಿನ ದಾರಿಯೂ ಒಂದಿದೆ. ಮೊದಲ ಸ್ಥಾನಕ್ಕೆ ಸಿಲಿಕಾನ್, ಎರಡನೆಯದಕ್ಕೆ ಜರ್ಮೇನಿಯಂ. ಸೋರಿಕೆ ಹೆಚ್ಚು ತೊಂದರೆ ಕೊಡುವ ಜಾಗದಲ್ಲಿ ಸೋರದ ಟ್ರಾನ್ಸಿಸ್ಟರು ಕೂತ ಹಾಗಾಯಿತು. ಎರಡೂ ಒಂದೇ ಧ್ರುವದವಾಗಿರಬೇಕು. ಬಿಸಿ 108ರ ಜೊತೆ ಎನ್‌ಪಿಎನ್ ಜರ್ಮೇನಿಯಂ ಎಸಿ 127, ಇಲ್ಲವೆ ಬಿಸಿ 557ರ ಜೊತೆ ಎಸಿ 128. ಎನ್‌ಪಿಎನ್ ಜೋಡಿಯಾದರೆ ಮಾಮೂಲಿ ಅಡಾಪ್ಟರೇ ಸಾಕು. ಕರಾವಳಿಯ ವೇದಿಕೆಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ಇಲ್ಲ.

ಗಿಟಾರಿಗೂ ಫಜ್‌ಗೂ ನಡುವೆ ಏನೂ ಬೇಡ

ಸಾಮಾನ್ಯ ಪೆಡಲುಗಳ ಇನ್‌ಪುಟ್ ಇಂಪೀಡೆನ್ಸ್, ಅಂದರೆ ಒಳಬರುವ ಅಲೆಗೆ ಅವು ಒಡ್ಡುವ ತಡೆ, ಲಕ್ಷಗಟ್ಟಲೆ ಓಮ್. ಫಜ್ ಫೇಸಿನದು ಕೆಲವೇ ಸಾವಿರ ಓಮ್. ಅಷ್ಟು ಕಡಿಮೆ ತಡೆ ಪಿಕಪ್ಪಿನ ಸುರುಳಿಯನ್ನು ಎಳೆದು ಹಿಡಿದು ಅದರ ಚೂಪನ್ನು ಮೊಂಡಾಗಿಸುತ್ತದೆ. ‘ಬೆಚ್ಚಗಿನ ಹಳೆ ಸದ್ದು’ ಎಂದು ಹೊಗಳುವುದು ಬಹುಪಾಲು ಇದನ್ನೇ. ಗಿಟಾರಿನ ವಾಲ್ಯೂಮ್ ನಾಬನ್ನು 10ರಿಂದ 7ಕ್ಕೆ ಇಳಿಸಿದರೆ ಫಜ್ ಕರಗಿ ಸ್ವಚ್ಛ ಸ್ವರ ಬರುವುದೂ ಈ ನೇರ ಸಂಬಂಧದಿಂದಲೇ.

ನಡುವೆ ಟ್ಯೂನರ್ ಪೆಡಲು, ವಯರ್‌ಲೆಸ್ ರಿಸೀವರು ಅಥವಾ ಬಫರ್ (ಅಲೆಯನ್ನು ಹಾಗೆಯೇ ಮುಂದೆ ದಾಟಿಸುವ ಸರ್ಕೀಟು) ಇರುವ ಬೇರೆ ಯಾವುದೇ ಪೆಡಲು ಬಂದರೆ ಈ ಸಂಬಂಧ ಕಡಿಯಿತು. ಸದ್ದು ಒಣಗಿ ಸಿರ್‌ಗುಡುತ್ತದೆ, ವಾಲ್ಯೂಮ್ ಇಳಿಸಿದರೆ ಬರೀ ಮೆಲ್ಲಗಾಗುತ್ತದೆ, ಸ್ವಚ್ಛವಾಗುವುದಿಲ್ಲ. ದುಬಾರಿ ಪೆಡಲು ಕೊಂಡು ‘ಕಂಪನಿ ಮೋಸ’ ಎಂದು ಬೈಯುವವರಲ್ಲಿ ಅನೇಕರ ಸಮಸ್ಯೆ ಇದೇ. ಫಜ್ ಸಾಲಿನಲ್ಲಿ ಮೊದಲನೆಯದಾಗಿರಲಿ. ವಯರ್‌ಲೆಸ್ ಬಿಡಲಾಗದು ಎನ್ನುವವರು ಫಜ್‌ನ ಇನ್‌ಪುಟ್ಟಿಗೆ ಸರಣಿಯಲ್ಲಿ 10ರಿಂದ 47 ಕಿಲೋ ಓಮ್ ರೆಸಿಸ್ಟರು ಸೇರಿಸಿ ನೋಡಬಹುದು. ಪೂರ್ತಿ ಅಲ್ಲ, ಆದರೂ ಸಾಕಷ್ಟು ಸುಧಾರಿಸುತ್ತದೆ. ಬಿಗ್ ಮಫ್‌ಗೆ ಈ ಮಡಿವಂತಿಕೆ ಇಲ್ಲ, ಎಲ್ಲಿಟ್ಟರೂ ಆಗುತ್ತದೆ.

ಹಂಬಕರ್ (ಎರಡು ಸುರುಳಿಯ) ಪಿಕಪ್ಪಿನ ಗಿಟಾರಾದರೆ ಫಜ್ ಕೆಳಸ್ವರಗಳಲ್ಲಿ ಗೊಜ್ಜಾಗುತ್ತದೆ. ಒಳಬರುವಲ್ಲಿನ 2.2 ಮೈಕ್ರೋಫ್ಯಾರಡನ್ನು 0.22ಕ್ಕೆ ಇಳಿಸಿದರೆ ಕೆಳಸ್ವರ ಬಿಗಿಯಾಗುತ್ತದೆ.

ಮಿಕ್ಸರಿಗೆ ನೇರ ಕೊಟ್ಟರೆ ಕೆಡುತ್ತದೆ

ಹಳೆ ರೆಕಾರ್ಡುಗಳ ಫಜ್ ಹಾದು ಬಂದದ್ದು ವಾಲ್ವ್ ಆಂಪ್ಲಿಫಯರು ಮತ್ತು ಗಿಟಾರ್ ಸ್ಪೀಕರಿನ ಮೂಲಕ. ಗಿಟಾರ್ ಸ್ಪೀಕರು ಸುಮಾರು 5 ಕಿಲೋಹರ್ಟ್ಸ್ ಮೇಲಿನದನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ನಮ್ಮ ಗಾನಮೇಳದ ವೇದಿಕೆಯಲ್ಲಿ ಗಿಟಾರು ಹೋಗುವುದು ನೇರ ಮಿಕ್ಸರಿಗೆ. ಅಲ್ಲಿನ ಸ್ಪೀಕರುಗಳು ಹಾಡುಗಾರರಿಗೆಂದೇ ಮಾಡಿದವು, 15 ಕಿಲೋಹರ್ಟ್ಸ್ ಮೇಲಿನದನ್ನೂ ಹೊರಹಾಕುತ್ತವೆ. ಚೌಕ ಅಲೆಯ ಅಷ್ಟೂ ಚೂಪು ಸ್ವರಗಳು ಪ್ರೇಕ್ಷಕರ ಕಿವಿಗೆ ಬಡಿಯುತ್ತವೆ. ಹೀಗೆ ಕೊಟ್ಟರೆ ಯಾವ ಫಜ್ ಆದರೂ ಚೆನ್ನಾಗಿ ಕೇಳದು. ಅಸಲಿ 1966ರದ್ದೂ ಕೇಳದು.

ಫಜ್‌ನ ನಂತರ ಕ್ಯಾಬಿನೆಟ್ ಸಿಮ್ಯುಲೇಟರು (ಗಿಟಾರ್ ಸ್ಪೀಕರಿನ ಗುಣವನ್ನು ಅನುಕರಿಸುವ ಸಾಧನ) ಹಾಕಿ. ಮಲ್ಟಿ ಎಫೆಕ್ಟ್ ಪ್ರೊಸೆಸರ್ ಇದ್ದರೆ ಅದರಲ್ಲಿ ಆಂಪ್ ಮತ್ತು ಕ್ಯಾಬಿನೆಟ್ ಮಾತ್ರ ಆನ್ ಮಾಡಿ, ಫಜ್ ಅದಕ್ಕೂ ಮೊದಲು ಇರಲಿ. ಡಿಜಿಟಲ್ ಮಿಕ್ಸರಾದರೆ ಆ ಚಾನೆಲ್ಲಿನಲ್ಲಿ 5 ಕಿಲೋಹರ್ಟ್ಸಿಗೆ ಲೋ ಪಾಸ್ ಫಿಲ್ಟರ್ (ಅದಕ್ಕಿಂತ ಮೇಲಿನದನ್ನು ತಡೆಯುವುದು) ಹಾಕಲು ಸೌಂಡಿನವರಿಗೆ ಹೇಳಿ. ಸಣ್ಣ ಅನಲಾಗ್ ಮಿಕ್ಸರಿನ ‘ಹೈ’ ನಾಬನ್ನು ಪೂರ್ತಿ ಇಳಿಸಿದರೂ ಸಾಲುವುದಿಲ್ಲ. ಅದು ಹಿಡಿಯುವುದು 10, 12 ಕಿಲೋಹರ್ಟ್ಸಿನ ಆಸುಪಾಸನ್ನು, ತೊಂದರೆ ಇರುವುದು ಅದಕ್ಕಿಂತ ಕೆಳಗೆ. ಹತ್ತು ಸಾವಿರ ಹೆಚ್ಚು ಕೊಟ್ಟು ಜರ್ಮೇನಿಯಂ ಪೆಡಲು ಕೊಳ್ಳುವ ಬದಲು ಆ ದುಡ್ಡನ್ನು ಇಲ್ಲಿ ಹಾಕಿದರೆ ಹಳೆ ಸದ್ದಿಗೆ ಬೇಗ ಹತ್ತಿರವಾಗಬಹುದು.

ಕೊಳ್ಳುವಾಗ ಕೇಳಿ ನೋಡಬೇಕಾದದ್ದು

ಅಂಗಡಿಗೆ ನಿಮ್ಮದೇ ಗಿಟಾರು ಒಯ್ಯಿರಿ, ನೇರ ಫಜ್‌ಗೆ, ಅಲ್ಲಿಂದ ಆಂಪಿಗೆ. ಫಜ್ ಪೂರ್ತಿ ಏರಿಸಿ ಏಳನೆಯ ಮನೆಯ (ಫ್ರೆಟ್ಟಿನ) ಆಸುಪಾಸಿನಲ್ಲಿ ಒಂದು ಸ್ವರ ಮೀಟಿ, ಅದು ಸಾಯುವವರೆಗೆ ಕಾಯಿರಿ. ಬಾಲ ಮೆಲ್ಲಗೆ ಕರಗಿದರೆ ಬಯಾಸ್ ಸರಿಯಿದೆ. ಪಟಪಟ ಸಿಡಿದರೆ ತಪ್ಪಿದೆ, ಅಥವಾ ಬೇಕೆಂದೇ ಹಾಗೆ ಮಾಡಿದ ಪೆಡಲು. ಆಮೇಲೆ ಗಿಟಾರಿನ ವಾಲ್ಯೂಮನ್ನು 7ಕ್ಕೆ, 5ಕ್ಕೆ ಇಳಿಸಿ ಪೂರ್ತಿ ಕಾರ್ಡ್ ಹಿಡಿಯಿರಿ. ಜರ್ಮೇನಿಯಂ ಎಂದು ಹೇಳಿಕೊಳ್ಳುವುದಾದರೆ ಹತ್ತು ನಿಮಿಷ ಆನ್ ಮಾಡಿ ಬೆಚ್ಚಗಿನ ಜಾಗದಲ್ಲಿಟ್ಟು ಮತ್ತೆ ಅದೇ ಸ್ವರ ನುಡಿಸಿ ನೋಡಬೇಕು. ಏಸಿ ಅಂಗಡಿಯ 22 ಡಿಗ್ರಿಯಲ್ಲಿ ಕೇಳಿದ್ದನ್ನು ನೆಚ್ಚಿ ಜಾತ್ರೆಗದ್ದೆಗೆ ಹೋಗಬೇಡಿ. ಅಡಾಪ್ಟರ್ ಜ್ಯಾಕಿನ ಪಕ್ಕದ ಧ್ರುವದ ಗುರುತನ್ನೂ ಓದಿ.

ಲಕ್ಷ ದಾಟಿದ ಬೆಲೆಯ ಅಸಲಿ ಹಳೆ ಪೆಡಲು ಸಂಗ್ರಹಕಾರರಿಗೆ ಬಿಟ್ಟದ್ದು. ಅದರ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಇಷ್ಟು ಹೊತ್ತಿಗೆ ಒಣಗಿರುತ್ತವೆ.

ಉಪ್ಪುಗಾಳಿಯಲ್ಲಿ ಕೆಡುವುದು ಎಲ್ಲೆಲ್ಲಿ

ಮಳೆಗಾಲ ಕಳೆದ ಮೇಲೆ ನಾಬ್ ತಿರುಗಿಸಿದರೆ ಕರಕರ ಸದ್ದು ಬಂದರೆ ಪಾಟಿನೊಳಗೆ ಕಿಲುಬು. ಎರಡು ತೊಟ್ಟು ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಇಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಹೋಗುತ್ತದೆ. ಹಳೆ ಫಜ್ ಫೇಸ್ ವಿನ್ಯಾಸದಲ್ಲಿ ಫಜ್ ನಾಬ್ ತಿರುಗಿಸುವಾಗ ಸ್ವಲ್ಪ ಸದ್ದು ಬರುವುದು ಸಹಜ, ಪಾಟಿನ ಮೂಲಕ ಡಿಸಿ ಕರೆಂಟು ಹರಿಯುತ್ತಿರುತ್ತದೆ.

ಇನ್‌ಪುಟ್ಟಿಗೆ ಕೇಬಲ್ ಚುಚ್ಚಿದರೆ ಬ್ಯಾಟರಿ ಆನ್ ಆಗುವ ಏರ್ಪಾಡು ಇರುತ್ತದೆ. ಪೆಡಲು ಆಫ್ ಇದ್ದರೂ ಕೇಬಲ್ ಇದ್ದಷ್ಟು ಹೊತ್ತೂ ಬ್ಯಾಟರಿ ಕರಗುತ್ತದೆ. ನುಡಿಸಿಯಾದ ಮೇಲೆ ಕೇಬಲ್ ಕೀಳಿ. ಆಟಿ ತಿಂಗಳಲ್ಲಿ ಕಾರ್ಯಕ್ರಮವಿಲ್ಲದೆ ಪೆಡಲು ಸುಮ್ಮನೆ ಕೂರುವುದಾದರೆ ಬ್ಯಾಟರಿಯನ್ನೇ ಹೊರತೆಗೆದು, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಸೋರಿದ ಝಿಂಕ್ ಬ್ಯಾಟರಿ ಬೋರ್ಡಿನ ತಾಮ್ರವನ್ನೇ ತಿಂದುಹಾಕುತ್ತದೆ.

ಗುಂಯ್ ಎನ್ನುವ ಹಮ್ ಬಂದರೆ ಪೆಡಲನ್ನು ಬಿಚ್ಚುವ ಮೊದಲು ತಂತಿಗೆ ಕೈ ತಾಗಿಸಿ ನೋಡಿ. ತಾಗಿಸಿದಾಗ ತಗ್ಗಿದರೆ ಪೆಡಲು ಸರಿಯಿದೆ, ಗಿಟಾರಿನ ಒಳಗಿನ ಶೀಲ್ಡಿಂಗ್ ಸಾಲದು ಅಥವಾ ಪ್ಲಗ್ಗಿಗೆ ಅರ್ಥ್ ಇಲ್ಲ. ಹಳೆ ಮನೆ, ಹಳೆ ಸಭಾಂಗಣಗಳಲ್ಲಿ ಎರಡು ಪಿನ್ನಿನ ಪ್ಲಗ್ಗು ಈಗಲೂ ಉಂಟು. ತಗ್ಗದಿದ್ದರೆ ಹತ್ತಿರದ ಎಲ್‌ಇಡಿ ದೀಪದ ಡ್ರೈವರು, ಮೊಬೈಲ್ ಚಾರ್ಜರು, ಡಿಮ್ಮರುಗಳನ್ನು ಒಂದೊಂದಾಗಿ ಆರಿಸಿ ನೋಡಿ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ಪಿನ ಗಿಟಾರಾದರೆ ನಿಂತ ಜಾಗದಲ್ಲೇ ಅರ್ಧ ಸುತ್ತು ತಿರುಗಿ. ಸದ್ದು ಅತಿ ಕಡಿಮೆಯಾಗುವ ದಿಕ್ಕೊಂದು ಇದ್ದೇ ಇರುತ್ತದೆ, ಸೌಂಡ್‌ಚೆಕ್ಕಿನಲ್ಲೇ ಅದನ್ನು ಗುರುತಿಸಿ ಆ ಕಡೆಗೇ ಮುಖ ಮಾಡಿ ನಿಂತರಾಯಿತು.